ಎರಡು ಕರಿಕಲ್ಲು, ಎರಡು ಹುಟ್ಟು: ಗ್ಯಾಬ್ರೊ ಮತ್ತು ಡಯೊರೈಟ್ ಕುರಿತ ಒಂದು ಪ್ರಕರಣ ಅಧ್ಯಯನ

ಪರೀಕ್ಷೆಗೆ ಇರುವುದು ಎರಡು ಅಗ್ನಿಶಿಲೆಯ ತುಂಡುಗಳು. ಎರಡರ ಬಣ್ಣವೂ ಕಡುಬೂದು. ಎರಡರಲ್ಲೂ ಬರಿಗಣ್ಣಿಗೆ ಕಾಣುವಂಥ, 2ರಿಂದ 4 ಮಿ.ಮೀ. ಗಾತ್ರದ ಹರಳುಗಳಿವೆ. ಎರಡರ ಚೀಟಿಯಲ್ಲೂ ಒಂದೇ ಹೆಸರು: ಡಯೊರೈಟ್. ಈ ಹೆಸರು ಎರಡಕ್ಕೂ ಸಲ್ಲುತ್ತದೆಯೇ, ಇಲ್ಲ ಒಂದು ಅದನ್ನೇ ಹೋಲುವ ಗ್ಯಾಬ್ರೊವೇ ಎಂಬುದು ಮೊದಲ ಪ್ರಶ್ನೆ. ಅವು ಹುಟ್ಟಿದ್ದು ಒಂದೇ ಬಗೆಯಲ್ಲೇ ಎಂಬುದು ಎರಡನೆಯದು. ಇಲ್ಲಿ ಬಳಸಿರುವ ಅಳತೆಗಳು ಇಂಥ ಕಲ್ಲುಗಳಲ್ಲಿ ಸಾಮಾನ್ಯವಾಗಿ ಸಿಗುವ ಮಿತಿಯೊಳಗೆ ಆರಿಸಿಕೊಂಡ ಮಾದರಿ ಅಂಕಿಗಳು. ಕ್ರಮ ಮತ್ತು ಲೆಕ್ಕ ಇಂಥ ಯಾವ ಜೋಡಿಗೂ ಹೊಂದುತ್ತವೆ.

ಇದು ಹಳೆಯ ಗೊಂದಲ. ಕಟ್ಟಡಕಲ್ಲಿನ ವ್ಯಾಪಾರದಲ್ಲಿ ಗ್ಯಾಬ್ರೊ, ಡಾಲೆರೈಟ್, ಡಯೊರೈಟ್ ಎಲ್ಲವೂ ‘ಕರಿ ಗ್ರಾನೈಟ್’ ಆಗಿಬಿಡುತ್ತವೆ. ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿರುವ, ಪ್ರಾಚೀನ ಬ್ಯಾಬಿಲೋನಿನ ಅರಸ ಹಮ್ಮುರಾಬಿಯ ಶಾಸನಸ್ತಂಭವನ್ನು ಕೆಲವರು ಡಯೊರೈಟ್ ಎಂದು ಬರೆದರೆ ಕೆಲವರು ಬಸಾಲ್ಟ್ ಎಂದು ಬರೆಯುತ್ತಾರೆ. ಒಂದು ನೆಲದಾಳದಲ್ಲಿ ನಿಧಾನವಾಗಿ ತಣಿದ ಕಲ್ಲು, ಇನ್ನೊಂದು ಲಾವಾ ಹರಿದು ಗಟ್ಟಿಯಾದದ್ದು. ಬಣ್ಣವನ್ನಷ್ಟೇ ನೋಡಿ ಹೆಸರಿಟ್ಟರೆ ಇಷ್ಟು ದೂರದ ಎರಡು ಸಂಗತಿಗಳು ಒಂದೇ ಆಗಿ ಕಾಣುತ್ತವೆ.

ಸುತ್ತಿಗೆ, ನೀರು, ಮಸೂರ

ಗಾಳಿಮಳೆಗೆ ಒಡ್ಡಿಕೊಂಡ ಮೈಯನ್ನು ನೋಡಿ ಏನನ್ನೂ ತೀರ್ಮಾನಿಸಬಾರದು. ಸುತ್ತಿಗೆಯಿಂದ ಹೊಸ ಮುಖ ಒಡೆದು, ನೀರು ಸವರಿ, 10 ಪಟ್ಟು ಹಿಗ್ಗಿಸುವ ಮಸೂರ ಹಿಡಿಯಬೇಕು. ಎರಡೂ ಕಲ್ಲುಗಳಲ್ಲಿ ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಗಾಜಿಲ್ಲ, ಗಾಳಿಗುಳ್ಳೆಯ ಗುರುತಿಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ತಳಹದಿಯೂ ಇಲ್ಲ. ಅಂದರೆ ಎರಡೂ ಆಳದಲ್ಲಿ ತಣಿದವು. ಲಾವಾ ಗಟ್ಟಿಯಾಗಿ ಆಗುವ ಬಸಾಲ್ಟ್, ಆಂಡೆಸೈಟ್ ಎರಡನ್ನೂ ಇಲ್ಲಿಗೇ ಕೈಬಿಡಬಹುದು. ಕಣರಚನೆ ಹೇಳುವುದು ಅಷ್ಟೇ: ಎಷ್ಟು ನಿಧಾನವಾಗಿ ತಣಿಯಿತು ಎಂಬುದನ್ನು. ಯಾವ ಶಿಲಾಪಾಕ (ನೆಲದಡಿಯ ಕರಗಿದ ಕಲ್ಲು) ತಣಿಯಿತು ಎಂಬುದಕ್ಕೆ ಖನಿಜಗಳನ್ನೇ ಕೇಳಬೇಕು.

ಮೊದಲನೆಯ ಕಲ್ಲಿನ ಕಪ್ಪು ಹರಳುಗಳು ಗಿಡ್ಡ, ಮಂದ ಹೊಳಪು, ತುಸು ಹಸಿರು. ಅವುಗಳ ಎರಡು ಸೀಳುಮುಖಗಳು ಹೆಚ್ಚುಕಡಿಮೆ ಲಂಬಕೋನದಲ್ಲಿ, 87 ಮತ್ತು 93 ಡಿಗ್ರಿಗಳಲ್ಲಿ ಸೇರುತ್ತವೆ: ಪೈರಾಕ್ಸೀನ್. ಎರಡನೆಯದರ ಕಪ್ಪು ಹರಳುಗಳು ಉದ್ದನೆಯವು, ಸೀಳುಮುಖ ಫಳಫಳ ಹೊಳೆಯುತ್ತದೆ, ಸೀಳುಗಳ ನಡುವಿನ ಕೋನ 56 ಮತ್ತು 124 ಡಿಗ್ರಿ: ಆಂಫಿಬೋಲ್ ಗುಂಪಿನ ಹಾರ್ನ್‌ಬ್ಲೆಂಡ್. ಜೊತೆಗೆ ಚಾಕುಮೊನೆಗೆ ಪದರ ಪದರವಾಗಿ ಏಳುವ ಕಂದುಗಪ್ಪು ಅಭ್ರಕ, ಬಯೊಟೈಟ್ ಕೂಡ ಇದೆ. ಹರಳು 2 ಮಿ.ಮೀ.ಗಿಂತ ಚಿಕ್ಕದಾದರೆ ಮಸೂರದಲ್ಲಿ ಈ ಕೋನಗಳನ್ನು ನಂಬುವುದು ಕಷ್ಟ. ಆಗ ಒಂದೇ ಹರಳಿನ ಆಧಾರದ ಮೇಲೆ ನಿಲ್ಲದೆ ಹತ್ತಾರು ಹರಳುಗಳನ್ನು ನೋಡಬೇಕು.

ತಿಳಿಬಣ್ಣದ ಹರಳುಗಳು ಎರಡರಲ್ಲೂ ಪ್ಲೇಜಿಯೋಕ್ಲೇಸ್, ಅಂದರೆ ಸೋಡಿಯಂ-ಕ್ಯಾಲ್ಸಿಯಂ ಫೆಲ್ಡ್‌ಸ್ಪಾರ್; ಸೀಳುಮುಖವನ್ನು ಬೆಳಕಿಗೆ ಓರೆ ಹಿಡಿದರೆ ಕೂದಲೆಳೆಯಂಥ ಸಮಾನಾಂತರ ಗೆರೆಗಳು ಮಿನುಗುತ್ತವೆ. ಎರಡನೆಯದರಲ್ಲಿ ಅವು ಬಿಳಿ, ಮೊದಲನೆಯದರಲ್ಲಿ ಬೂದು. ಬಣ್ಣ ನೋಡಿ ಎಣಿಸುವವರು ಎಡವುವುದು ಇಲ್ಲೇ. ಗ್ಯಾಬ್ರೊದ ಪ್ಲೇಜಿಯೋಕ್ಲೇಸ್ ಅನೇಕ ಸಲ ಕಡುಬೂದು ಅಥವಾ ನೀಲಿಗಪ್ಪಾಗಿಯೇ ಇರುತ್ತದೆ. ಹಾಗಾಗಿ ಕಪ್ಪು ಖನಿಜ ನೂರಕ್ಕೆ 50 ಇರುವ ಕಲ್ಲು 80 ಇರುವಂತೆ ಕಾಣುತ್ತದೆ.

ತೂಕದ ಸಾಕ್ಷಿ

ಸಾಪೇಕ್ಷ ಸಾಂದ್ರತೆಗೆ ಬೇಕಾದದ್ದು 0.1 ಗ್ರಾಂ ತೋರಿಸುವ ತಕ್ಕಡಿ, ದಾರ, ನೀರು. ಕಲ್ಲನ್ನು ಒಣಗಿಸಿ ತೂಗಬೇಕು. ದಾರದಲ್ಲಿ ಕಟ್ಟಿ ಪೂರ್ತಿ ಮುಳುಗಿಸಿ, ಪಾತ್ರೆಯ ಗೋಡೆಗೂ ತಳಕ್ಕೂ ತಾಗದಂತೆ ತೂಗುಬಿಟ್ಟು ಮತ್ತೆ ತೂಗಬೇಕು. ಒಣತೂಕವನ್ನು ಎರಡು ತೂಕಗಳ ವ್ಯತ್ಯಾಸದಿಂದ ಭಾಗಿಸಿದರೆ ಉತ್ತರ.

ಮೊದಲನೆಯದು: ಒಣತೂಕ 612.4 ಗ್ರಾಂ, ನೀರಿನಲ್ಲಿ 410.4 ಗ್ರಾಂ, ವ್ಯತ್ಯಾಸ 202.0, ಸಾಂದ್ರತೆ 3.03. ಎರಡನೆಯದು: 548.6 ಮತ್ತು 356.1, ವ್ಯತ್ಯಾಸ 192.5, ಸಾಂದ್ರತೆ 2.85. ಮೇಲ್ಮೈಗೆ ಅಂಟಿದ ಗುಳ್ಳೆಗಳನ್ನು ಕುಂಚದಿಂದ ಸವರಿ ತೆಗೆಯದಿದ್ದರೆ ಉತ್ತರ ಕೆಳಗೆ ಜಾರುತ್ತದೆ. 1 ಘನ ಸೆಂ.ಮೀ. ಗಾಳಿ ಉಳಿದರೂ ಮೊದಲ ಕಲ್ಲಿನ ಅಂಕಿ 3.02ಕ್ಕೆ ಇಳಿಯುತ್ತದೆ. ಬಿರುಕುಬಿಟ್ಟ ಅಥವಾ ಮಣ್ಣಾಗತೊಡಗಿದ ತುಂಡಿನಲ್ಲಿ ದೋಷ ಇನ್ನೂ ಹೆಚ್ಚು.

ಗ್ಯಾಬ್ರೊ ಹೆಚ್ಚಾಗಿ 2.8ರಿಂದ 3.1ರೊಳಗೆ, ಡಯೊರೈಟ್ 2.7ರಿಂದ 2.9ರೊಳಗೆ ಬರುತ್ತವೆ. ಎರಡರ ಮಿತಿಗಳು ಒಂದರ ಮೇಲೊಂದು ಬೀಳುವುದರಿಂದ ತೂಕವೊಂದೇ ಹೆಸರು ಕೊಡಲಾರದು. ಆದರೆ ಈ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು. ಮುಂದೆ ಖನಿಜಗಳನ್ನು ಎಣಿಸಿದಾಗ ಎಣಿಕೆ ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಇದಕ್ಕಿಂತ ಅಗ್ಗದ ಸಾಧನ ಸಿಗುವುದಿಲ್ಲ.

ತೆಳುಕಡಿತದಲ್ಲಿ ಕಂಡದ್ದು

ನಿಜವಾದ ತೀರ್ಮಾನ ಆಗುವುದು ಬೆಳಕು ಹಾಯುವಷ್ಟು ಉಜ್ಜಿದ, 30 ಮೈಕ್ರಾನ್ ದಪ್ಪದ ತೆಳುಕಡಿತದಲ್ಲಿ, ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕದ ಕೆಳಗೆ. ದಪ್ಪ ಸರಿಯಾಗಿದೆಯೇ ಎಂದು ಮೊದಲು ಕ್ವಾರ್ಟ್ಜ್ ಹರಳಿನಲ್ಲಿ ನೋಡಬೇಕು: ಅಡ್ಡ ಧ್ರುವಕಗಳ ನಡುವೆ ಅದು ಬೂದು-ಬಿಳಿ ತೋರಬೇಕು. ಗಾಢ ಹಳದಿ, ಕೆಂಪು ಬಂದರೆ ಕಡಿತ ದಪ್ಪಗಿದೆ. ಆಗ ಎಲ್ಲ ಖನಿಜಗಳ ಬಣ್ಣವೂ ದಾರಿ ತಪ್ಪಿಸುತ್ತದೆ. ಕ್ವಾರ್ಟ್ಜ್ ಇಲ್ಲದ ಕಲ್ಲಿನಲ್ಲಿ ಪ್ಲೇಜಿಯೋಕ್ಲೇಸನ್ನೇ ಅಳತೆಗೋಲಾಗಿ ಬಳಸುವುದು ರೂಢಿ.

ಕಲ್ಲಿಗೆ ಸಾವಿರ ಬಿಂದುಗಳಂತೆ, ಪ್ರತಿ ಬಿಂದುವಿನಡಿ ಯಾವ ಖನಿಜವಿದೆ ಎಂದು ಎಣಿಸಿದಾಗ ಮೊದಲನೆಯದರಲ್ಲಿ ನೂರಕ್ಕೆ ಪ್ಲೇಜಿಯೋಕ್ಲೇಸ್ 50, ಆಗೈಟ್ (ಒಂದು ಬಗೆಯ ಪೈರಾಕ್ಸೀನ್) 29, ನಾರುನಾರಾದ ಹಸಿರು ಆಂಫಿಬೋಲ್ 14, ಆಲಿವೀನ್ 3, ಮ್ಯಾಗ್ನೆಟೈಟ್-ಇಲ್ಮೆನೈಟ್ 4. ಎರಡನೆಯದರಲ್ಲಿ ಪ್ಲೇಜಿಯೋಕ್ಲೇಸ್ 58, ಹಾರ್ನ್‌ಬ್ಲೆಂಡ್ 27, ಬಯೊಟೈಟ್ 8, ಕ್ವಾರ್ಟ್ಜ್ 4, ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ 2, ಅಪಾರದರ್ಶಕ ಖನಿಜ 1.

ಈಗ ತೂಕದ ಅಂಕಿಗೆ ಕೆಲಸ. ಪ್ರತಿ ಖನಿಜದ ಪಾಲನ್ನು ಅದರ ಸಾಂದ್ರತೆಯಿಂದ ಗುಣಿಸಿ ಕೂಡಿದರೆ ಮೊದಲ ಕಲ್ಲಿಗೆ ಸುಮಾರು 3.05, ಎರಡನೆಯದಕ್ಕೆ ಸುಮಾರು 2.86 ಬರುತ್ತದೆ, ತೂಗಿ ಕಂಡದ್ದು 3.03 ಮತ್ತು 2.85. ಎಣಿಕೆ ನಂಬಿಕೆಗೆ ಅರ್ಹ. ಈ ಎರಡು ಅಂಕಿಗಳ ನಡುವೆ 0.1ರಷ್ಟು ಅಂತರ ಬಂದರೆ ಯಾವುದೋ ಖನಿಜವನ್ನು ತಪ್ಪಾಗಿ ಗುರುತಿಸಲಾಗಿದೆ, ಇಲ್ಲವೇ ಕಡಿತವು ಕಲ್ಲನ್ನು ಪ್ರತಿನಿಧಿಸುತ್ತಿಲ್ಲ.

ಮೊದಲನೆಯ ಕಲ್ಲಿಗೆ ಡಯೊರೈಟ್ ಎಂಬ ಹೆಸರು ಅಂಟಿದ್ದಕ್ಕೆ ಕಾರಣ ಆ 14 ಪಾಲು ಹಸಿರು ಆಂಫಿಬೋಲ್. ಆಂಫಿಬೋಲ್ ಕಂಡರೆ ಡಯೊರೈಟ್, ಪೈರಾಕ್ಸೀನ್ ಕಂಡರೆ ಗ್ಯಾಬ್ರೊ ಎಂಬ ಪಾಠ ಎಲ್ಲರ ಬಾಯಲ್ಲಿದೆ. ಹೊರಾಂಗಣದಲ್ಲಿ ಅದು ಉಪಯುಕ್ತ ಸುಳಿವೇ, ಆದರೆ ಆಂಫಿಬೋಲ್ ಎಲ್ಲಿಂದ ಬಂತು ಎಂದು ಕೇಳದಿದ್ದರೆ ಸುಳಿವೇ ಬಲೆಯಾಗುತ್ತದೆ. ಈ ಕಡಿತವನ್ನು ಹತ್ತಿರದಿಂದ ನೋಡಿದರೆ ಆಂಫಿಬೋಲಿಗೆ ತನ್ನದೇ ಆಕಾರವಿಲ್ಲ. ಅದು ಆಗೈಟ್ ಹರಳುಗಳ ಅಂಚಿನಿಂದ, ಸೀಳುಗೆರೆಗಳ ಗುಂಟ ಒಳಕ್ಕೆ ಹಬ್ಬಿದೆ. ತುದಿಗಳು ಹರಿದ ಬಟ್ಟೆಯಂತೆ ಎಳೆಎಳೆ. ನಡುವೆ ಕರಗದೆ ಉಳಿದ ಆಗೈಟ್ ತುಣುಕುಗಳೆಲ್ಲ ಸೂಕ್ಷ್ಮದರ್ಶಕದ ತಿರುಗುಮೇಜನ್ನು ತಿರುಗಿಸಿದಾಗ ಒಟ್ಟಿಗೇ ಕಪ್ಪಾಗುತ್ತವೆ, ಅಂದರೆ ಅವೆಲ್ಲ ಒಂದೇ ಹಳೆಯ ಹರಳಿನ ಚೂರುಗಳು. ಕಲ್ಲು ಗಟ್ಟಿಯಾದ ಮೇಲೆ ಬಿಸಿನೀರು ನುಗ್ಗಿ ಪೈರಾಕ್ಸೀನನ್ನು ಆಂಫಿಬೋಲಾಗಿ ಮಾರ್ಪಡಿಸಿದೆ; ಇದಕ್ಕೆ ಯುರಲೈಟ್ ಎನ್ನುತ್ತಾರೆ. ವರ್ಗೀಕರಣದಲ್ಲಿ ಇದನ್ನು ಅದರ ಮೂಲವಾದ ಪೈರಾಕ್ಸೀನಿನ ಲೆಕ್ಕಕ್ಕೇ ಸೇರಿಸಬೇಕು.

ಎರಡನೆಯ ಕಲ್ಲಿನ ಹಾರ್ನ್‌ಬ್ಲೆಂಡ್ ಹಾಗಲ್ಲ. ಅಡ್ಡಕಡಿತದಲ್ಲಿ ಚೂಪಾದ ವಜ್ರಾಕೃತಿ, ಮೇಜು ತಿರುಗಿಸಿದಂತೆ ಹಳದಿಯಿಂದ ಕಂದುಹಸಿರಿಗೆ ಬದಲಾಗುವ ಬಣ್ಣ, ನೇರ ಅಂಚು. ಶಿಲಾಪಾಕದಲ್ಲಿ ತೇಲುತ್ತ ಬಿಡುವಾಗಿ ಬೆಳೆದ ಹರಳಿಗೆ ಮಾತ್ರ ಇಂಥ ಆಕಾರ ಬರುತ್ತದೆ. ಕೆಲವು ಹರಳುಗಳ ಒಡಲಲ್ಲಿ ದುಂಡಗಾದ ಪೈರಾಕ್ಸೀನ್ ತಿರುಳೂ ಉಂಟು. ಇದನ್ನು ಯುರಲೈಟ್ ಎಂದು ತಿಳಿಯಬಾರದು. ಶಿಲಾವಿಜ್ಞಾನಿ ನಾರ್ಮನ್ ಬೋವೆನ್ 1922ರಲ್ಲಿ ವಿವರಿಸಿದ ಪ್ರತಿಕ್ರಿಯೆ ಇದು: ಮೊದಲು ಮೂಡಿದ ಪೈರಾಕ್ಸೀನ್, ತಣಿಯುತ್ತಿರುವ ಶಿಲಾಪಾಕದೊಡನೆ ವರ್ತಿಸಿ ಹಾರ್ನ್‌ಬ್ಲೆಂಡ್ ಆಗುತ್ತದೆ. ಹೊರಗಿನ ಹಾರ್ನ್‌ಬ್ಲೆಂಡ್ ಒಂದೇ ಗಟ್ಟಿ ಹರಳಾಗಿ, ಸ್ವಚ್ಛವಾಗಿದ್ದರೆ ಶಿಲಾಪಾಕದ ಕೆಲಸ. ನಾರಾಗಿ, ಮಸುಕಾಗಿದ್ದರೆ ನಂತರದ ಬಿಸಿನೀರಿನ ಕೆಲಸ.

ಗೆರೆ ಎಳೆಯುವುದು ಪ್ಲೇಜಿಯೋಕ್ಲೇಸ್

ಅಂತರರಾಷ್ಟ್ರೀಯ ಭೂವಿಜ್ಞಾನ ಒಕ್ಕೂಟಕ್ಕಾಗಿ ಆಲ್ಬರ್ಟ್ ಸ್ಟ್ರೆಕೈಸೆನ್ ನೇತೃತ್ವದಲ್ಲಿ 1970ರ ದಶಕದಲ್ಲಿ ರೂಪುಗೊಂಡ, ತಿಳಿಬಣ್ಣದ ಖನಿಜಗಳ ಪಾಲು ನೋಡಿ ಕಲ್ಲಿಗೆ ಹೆಸರಿಡುವ ಕ್ಯೂಎಪಿಎಫ್ ಚಿತ್ರದಲ್ಲಿ ಗ್ಯಾಬ್ರೊ, ಡಯೊರೈಟ್, ಅನಾರ್ಥೊಸೈಟ್ ಮೂರೂ ಒಂದೇ ಕೋಣೆಯಲ್ಲಿ, 10ನೆಯದರಲ್ಲಿ ಕೂರುತ್ತವೆ. ಕಪ್ಪು ಖನಿಜ ನೂರಕ್ಕೆ 10ಕ್ಕಿಂತ ಕಡಿಮೆ ಇದ್ದರೆ ಅನಾರ್ಥೊಸೈಟ್. ಉಳಿದೆರಡನ್ನು ಬೇರ್ಪಡಿಸುವುದು ಪ್ಲೇಜಿಯೋಕ್ಲೇಸಿನಲ್ಲಿರುವ ಅನಾರ್ಥೈಟ್ ಪಾಲು, ಅಂದರೆ ಕ್ಯಾಲ್ಸಿಯಂ ತುದಿಯ ಅಂಶ: ಸರಾಸರಿ 50ಕ್ಕಿಂತ ಹೆಚ್ಚಾದರೆ ಗ್ಯಾಬ್ರೊ, ಕಡಿಮೆಯಾದರೆ ಡಯೊರೈಟ್. ಕಪ್ಪು ಖನಿಜದ ಪ್ರಮಾಣವಾಗಲಿ ಹಾರ್ನ್‌ಬ್ಲೆಂಡಿನ ಇರವಾಗಲಿ ಅಂತಿಮ ಮಾತಲ್ಲ. ಹಾರ್ನ್‌ಬ್ಲೆಂಡ್ ತುಂಬಿದ ಗ್ಯಾಬ್ರೊಗಳೂ ಇವೆ.

ಈ ಪಾಲನ್ನು ಮಿಶೆಲ್-ಲೆವಿ ವಿಧಾನದಿಂದ ಅಳೆಯಬಹುದು. ಯಮಳ ಪಟ್ಟೆಗಳ (ಒಂದೇ ಹರಳಿನೊಳಗೆ ಜೋಡಿಯಾಗಿ ಬೆಳೆದ ಪಟ್ಟೆಗಳ) ಗಡಿ ಚೂಪಾಗಿರುವ, ಪಟ್ಟೆಗಳನ್ನು ಅಡ್ಡತಂತಿಗೆ ಸಮಾನಾಂತರವಾಗಿಟ್ಟಾಗ ಎರಡೂ ಗುಂಪು ಒಂದೇ ಬೂದಾಗಿ ಕಾಣುವ ಹರಳನ್ನೇ ಆರಿಸಬೇಕು. ಒಂದು ಗುಂಪು ಕಪ್ಪಾಗುವವರೆಗೆ ಎಡಕ್ಕೆ, ಇನ್ನೊಂದು ಕಪ್ಪಾಗುವವರೆಗೆ ಬಲಕ್ಕೆ ತಿರುಗಿಸಿ ಎರಡು ಕೋನಗಳ ಸರಾಸರಿ ತೆಗೆಯಬೇಕು. ಎರಡರ ನಡುವೆ 5 ಡಿಗ್ರಿಗಿಂತ ಹೆಚ್ಚು ಅಂತರವಿದ್ದರೆ ಆ ಹರಳನ್ನು ಬಿಟ್ಟುಬಿಡಿ. ಕನಿಷ್ಠ ಹತ್ತು ಹರಳು ಅಳೆದು, ಬಂದ ಕೋನಗಳಲ್ಲಿ ಅತಿ ದೊಡ್ಡದನ್ನು ಹಿಡಿಯಬೇಕು. ಎಲ್ಲದರ ಸರಾಸರಿ ತೆಗೆದರೆ ಉತ್ತರ ಯಾವಾಗಲೂ ಕಡಿಮೆ ಬರುತ್ತದೆ. ಸುಮಾರು 28 ಡಿಗ್ರಿ ಎಂದರೆ 50ರ ಗಡಿ.

ಮೊದಲ ಕಲ್ಲಿನಲ್ಲಿ ಅತಿ ದೊಡ್ಡ ಕೋನ 34 ಡಿಗ್ರಿ. ಅನಾರ್ಥೈಟ್ ಪಾಲು 60ರ ಆಸುಪಾಸು. ಅದೇ ಕಡಿತದಲ್ಲಿ ಮೋಡ ಕವಿದಂತಿರುವ ಕಲೆಗಳಿವೆ. ಅಲ್ಲಿ ಅಳೆದರೆ 15 ಡಿಗ್ರಿ ಸಿಗುತ್ತದೆ, ವಕ್ರೀಭವನ ಸೂಚ್ಯಂಕವೂ (ಬೆಳಕನ್ನು ಬಾಗಿಸುವ ಅಳತೆ) ಕಡಿತವನ್ನು ಗಾಜಿಗೆ ಹಿಡಿಸಿದ ಅಂಟಿನ 1.54ಕ್ಕಿಂತ ಕಡಿಮೆ. ಮೂಲ ಪ್ಲೇಜಿಯೋಕ್ಲೇಸ್ ಒಡೆದು ಆಲ್ಬೈಟ್ (ಸೋಡಿಯಂ ತುದಿಯ ಪ್ಲೇಜಿಯೋಕ್ಲೇಸ್) ಮತ್ತು ಎಪಿಡೋಟ್ ಆಗಿರುವ ಭಾಗ ಅದು. ಅದನ್ನು ಸರಾಸರಿಗೆ ಸೇರಿಸಿದರೆ ಗ್ಯಾಬ್ರೊ ಕಾಗದದ ಮೇಲೆ ಡಯೊರೈಟ್ ಆಗಿಬಿಡುತ್ತದೆ. ಯುರಲೈಟ್ ಮತ್ತು ಈ ಮಸುಕು, ಎರಡೂ ಒಂದೇ ಬಿಸಿನೀರಿನ ಫಲ. ಎರಡೂ ಒಂದೇ ದಿಕ್ಕಿಗೆ ದಾರಿ ತಪ್ಪಿಸುತ್ತವೆ. ಆದ್ದರಿಂದಲೇ ಈ ತಪ್ಪು ಇಷ್ಟು ಸಾಮಾನ್ಯ: ಎರಡು ಸಾಕ್ಷಿಗಳು ಒಂದನ್ನೊಂದು ಬೆಂಬಲಿಸಿದಂತೆ ಕಾಣುತ್ತವೆ, ಮೂಲ ಮಾತ್ರ ಒಂದೇ.

ಎರಡನೆಯ ಕಲ್ಲಿನ ಅಪಾಯ ಇದಕ್ಕೆ ತದ್ವಿರುದ್ಧ. ಅದರ ಪ್ಲೇಜಿಯೋಕ್ಲೇಸ್ ಹರಳುಗಳಲ್ಲಿ ವಲಯಗಳಿವೆ; ಮೇಜು ತಿರುಗಿಸಿದರೆ ಕತ್ತಲು ನಡುವಿನಿಂದ ಅಂಚಿಗೆ ಉಂಗುರದಂತೆ ಸರಿಯುತ್ತದೆ. ನಡುವಿನಲ್ಲಿ 30 ಡಿಗ್ರಿ, ಅಂದರೆ ಪಾಲು 54. ಅಗಲವಾದ ಮಧ್ಯವಲಯದಲ್ಲಿ 22 ಡಿಗ್ರಿ, 40. ಅಂಚಿನಲ್ಲಿ 16 ಡಿಗ್ರಿ, 33. ನಡುಭಾಗವನ್ನಷ್ಟೇ ಅಳೆದವರು ಇದನ್ನು ಗ್ಯಾಬ್ರೊ ಎನ್ನುತ್ತಾರೆ. ವಲಯಗಳ ವಿಸ್ತೀರ್ಣವನ್ನು ಕ್ರಮವಾಗಿ 20, 55, 25 ಪಾಲೆಂದು ಹಿಡಿದರೆ ಸರಾಸರಿ 41. ಡಯೊರೈಟ್ ಬದಿಗೇ ಬೀಳುತ್ತದೆ. 16 ಡಿಗ್ರಿ ಆಲ್ಬೈಟಿಗೂ ಬರಬಹುದಾದ ಕೋನ. ಆದರೆ ಇಲ್ಲಿ ಅಂಚಿನ ಸೂಚ್ಯಂಕ ಅಂಟಿಗಿಂತ ಹೆಚ್ಚಿದೆ, ಹಾಗಾಗಿ ಆಲ್ಬೈಟ್ ಅಲ್ಲ. ಎಲೆಕ್ಟ್ರಾನ್ ಮೈಕ್ರೋಪ್ರೋಬ್ (ಹರಳಿನ ಒಂದೊಂದು ಬಿಂದುವಿನ ಸಂಯೋಜನೆ ಅಳೆಯುವ ಉಪಕರಣ) ಸಿಗುವಲ್ಲಿ ನಡುವಿನಿಂದ ಅಂಚಿಗೆ ಸಾಲಾಗಿ ಬಿಂದುಗಳನ್ನು ಅಳೆದು ಇದೇ ಲೆಕ್ಕ ಮಾಡಬಹುದು. ಅಲ್ಲೂ ವಲಯಗಳ ವಿಸ್ತೀರ್ಣವನ್ನು ಮರೆತರೆ ಅದೇ ತಪ್ಪು.

ಕ್ವಾರ್ಟ್ಜಿನ ಸಣ್ಣ ಲೆಕ್ಕ

ಎರಡನೆಯ ಕಲ್ಲಿನಲ್ಲಿ ಕ್ವಾರ್ಟ್ಜ್ 4 ಪಾಲು. 10ನೆಯ ಕೋಣೆಯಲ್ಲಿ ಕ್ವಾರ್ಟ್ಜಿನ ಮಿತಿ 5. ಹಾಗಾದರೆ ಬರೀ ಡಯೊರೈಟ್ ಎಂದು ನಿಲ್ಲಿಸಬಹುದೆನಿಸುತ್ತದೆ. ಆದರೆ ಕ್ಯೂಎಪಿಎಫ್ ಚಿತ್ರದಲ್ಲಿ ಕಪ್ಪು ಖನಿಜಗಳನ್ನು ಹೊರಗಿಟ್ಟು ಉಳಿದದ್ದನ್ನು ನೂರಕ್ಕೆ ಏರಿಸಬೇಕು. ಇಲ್ಲಿ ಉಳಿಯುವುದು 58, 4, 2, ಒಟ್ಟು 64. ಕ್ವಾರ್ಟ್ಜಿನ ಪಾಲು 6.25. ಫೆಲ್ಡ್‌ಸ್ಪಾರ್‌ಗಳಲ್ಲಿ ಪ್ಲೇಜಿಯೋಕ್ಲೇಸ್ 60ರಲ್ಲಿ 58, ಅಂದರೆ 90ಕ್ಕಿಂತ ಹೆಚ್ಚು. ಕ್ವಾರ್ಟ್ಜ್ 5ರಿಂದ 20ರವರೆಗಿನ ನಕ್ಷತ್ರಚಿಹ್ನೆಯ 10ನೆಯ (10*) ಕೋಣೆಗೆ ಕಲ್ಲು ಏರಿತು: ಕ್ವಾರ್ಟ್ಜ್ ಡಯೊರೈಟ್.

ಸಾವಿರ ಬಿಂದುಗಳಲ್ಲಿ ಲೆಕ್ಕಕ್ಕೆ ಬಂದವು 640, ಅವುಗಳಲ್ಲಿ ಕ್ವಾರ್ಟ್ಜ್ 40. ಸಂಖ್ಯಾಶಾಸ್ತ್ರದ ದೋಷ ಎರಡೂ ಬದಿಗೆ ಸುಮಾರು 1.9, ಅಂದರೆ 4.3ರಿಂದ 8.2, ಗಡಿ ಒಳಗೇ ಸಿಕ್ಕಿಬಿತ್ತು. ಕಲ್ಲಿನ ಬೇರೆ ಬೇರೆ ಮೂಲೆಗಳಿಂದ ಮೂರು ಕಡಿತ ಮಾಡಿ 3000 ಬಿಂದು ಎಣಿಸಿದಾಗ 1920ರಲ್ಲಿ 121, ಅಂದರೆ 6.3, ದೋಷ 1.1. ಈಗ ಹೆಸರು ನಿಲ್ಲುತ್ತದೆ, ಅಂಚಿಗೆ ಹತ್ತಿರವಾಗಿಯೇ. ಒಂದೇ ಕಡಿತದಲ್ಲಿ 3000 ಬಿಂದು ಎಣಿಸಿದ್ದರೆ ಪ್ರಯೋಜನವಿರಲಿಲ್ಲ: 4 ಮಿ.ಮೀ. ಹರಳುಗಳು 20 × 30 ಮಿ.ಮೀ. ಜಾಗದಲ್ಲಿ ಕೆಲವೇ ಹತ್ತು ಹಿಡಿಯುತ್ತವೆ, ಬಿಂದುಗಳು ಅವೇ ಹರಳುಗಳ ಮೇಲೆ ಮತ್ತೆ ಮತ್ತೆ ಬೀಳುತ್ತವೆ.

ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಕಣ್ತಪ್ಪದಿರಲು ಕೊಯ್ದ ಹಲಗೆಯನ್ನು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಕೊರೆದು ಸೋಡಿಯಂ ಕೋಬಾಲ್ಟಿನೈಟ್ರೈಟ್ ದ್ರಾವಣದಲ್ಲಿ ಅದ್ದುತ್ತಾರೆ; ಅದು ಹಳದಿಯಾಗಿ ಎದ್ದು ಕಾಣುತ್ತದೆ. ಈ ಆಮ್ಲ ಚರ್ಮದ ಮೂಲಕ ಇಳಿದು ಜೀವಕ್ಕೇ ಎರವಾಗಬಲ್ಲದು. ಹೊಗೆ ಹೀರುವ ಕಪಾಟು, ತಕ್ಕ ಕೈಗವಸು, ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಮತ್ತು ತರಬೇತಿ ಪಡೆದವರು ಇಲ್ಲದ ಕಡೆ ಬಾಟಲಿ ತೆರೆಯಲೇಬಾರದು.

ಮೊದಲ ಕಲ್ಲಿನಲ್ಲಿ ಕ್ವಾರ್ಟ್ಜ್ ಇಲ್ಲ. ಯುರಲೈಟನ್ನು ಪೈರಾಕ್ಸೀನಿಗೆ ಸೇರಿಸಿದರೆ ಪ್ಲೇಜಿಯೋಕ್ಲೇಸ್ 50, ಪೈರಾಕ್ಸೀನ್ 43, ಆಲಿವೀನ್ 3. ಆಲಿವೀನ್ ಪಾಲು 3.1, 5ಕ್ಕಿಂತ ಕಡಿಮೆ. ಪೈರಾಕ್ಸೀನ್ ಎಲ್ಲವೂ ಆಗೈಟ್. ಆದ್ದರಿಂದ ಆಲಿವೀನ್ ಗ್ಯಾಬ್ರೊ ಅಲ್ಲ, ಬೇರೆ ಬಗೆಯ ಪೈರಾಕ್ಸೀನ್ ಇರುವ ನೊರೈಟ್ ಅಲ್ಲ, ನೇರ ಗ್ಯಾಬ್ರೊ. ಯುರಲೈಟನ್ನು ಮೂಲ ಹಾರ್ನ್‌ಬ್ಲೆಂಡ್ ಎಂದು ಎಣಿಸಿದ್ದರೆ ‘ಪೈರಾಕ್ಸೀನ್-ಹಾರ್ನ್‌ಬ್ಲೆಂಡ್ ಗ್ಯಾಬ್ರೊ’ ಎಂಬ ಸುಳ್ಳು ಹೆಸರು ಬರುತ್ತಿತ್ತು.

ಹೆಸರಿನಿಂದ ಹುಟ್ಟಿಗೆ

ರಾಸಾಯನಿಕ ವಿಶ್ಲೇಷಣೆಯಲ್ಲಿ ನೂರಕ್ಕೆ ಸಿಲಿಕಾ ಮೊದಲನೆಯದರಲ್ಲಿ 48, ಎರಡನೆಯದರಲ್ಲಿ 53.5, ಪೊಟ್ಯಾಸಿಯಂ ಆಕ್ಸೈಡ್ 0.2 ಮತ್ತು 1.3. ಮೂಲಶಿಲೆ (ಸಿಲಿಕಾ ಕಡಿಮೆ ಇರುವ ಕಲ್ಲು) ಮತ್ತು ಮಧ್ಯಮಶಿಲೆಗಳ ನಡುವಿನ 52ರ ಗೆರೆಯ ಆಚೀಚೆ ಎರಡೂ ನಿಂತಿವೆ. ಆದರೆ ಇದನ್ನು ನೇರವಾಗಿ ಶಿಲಾಪಾಕದ ಸಂಯೋಜನೆ ಎನ್ನಲಾಗದು. ಗ್ಯಾಬ್ರೊ ಎಷ್ಟೋ ಸಲ ಶಿಲಾಪಾಕದ ಕೋಣೆಯ ತಳದಲ್ಲಿ ಕೂಡಿಬಿದ್ದ ಹರಳುಗಳ ರಾಶಿ. ಉಳಿದ ದ್ರವ ಹಿಂಡಿಹೋಗಿರುತ್ತದೆ. ಗ್ರೀನ್‌ಲ್ಯಾಂಡಿನ ಸ್ಕೇರ್ಗಾರ್ಡ್, ದಕ್ಷಿಣ ಆಫ್ರಿಕಾದ ಬುಶ್‌ವೆಲ್ಡ್ ರಾಶಿಗಳಲ್ಲಿ ಪದರ ಪದರವಾಗಿ ಕಾಣುವುದು ಅದೇ.

ಹುಟ್ಟಿನ ಗುಟ್ಟು ಇರುವುದು ಹರಳುಗಳು ಮೂಡಿದ ಅನುಕ್ರಮದಲ್ಲಿ, ಮತ್ತು ಆ ಅನುಕ್ರಮವನ್ನು ನಿರ್ಧರಿಸಿದ ನೀರಿನಲ್ಲಿ. ಮೊದಲ ಕಲ್ಲಿನಲ್ಲಿ ಪ್ಲೇಜಿಯೋಕ್ಲೇಸ್ ಪಟ್ಟಿಗಳು ನೇರ ಅಂಚಿನವು, ಆಗೈಟ್ ಅವುಗಳ ನಡುವಿನ ಸಂದುಗಳನ್ನು ತುಂಬಿ ಅವನ್ನು ಅಪ್ಪಿಕೊಂಡಿದೆ. ಪ್ಲೇಜಿಯೋಕ್ಲೇಸ್ ಮೊದಲು, ಆಗೈಟ್ ನಂತರ. ಕಡಿಮೆ ಒತ್ತಡದಲ್ಲಿ, ನೀರು ಬಹುಕಡಿಮೆ ಇರುವ ಬಸಾಲ್ಟ್ ಶಿಲಾಪಾಕದ ಲಕ್ಷಣವಿದು. ಸಾಗರದ ನಡುವಿನ ಏಣುಗಳಲ್ಲಿ ಭೂಫಲಕಗಳು ಬೇರೆಯಾದಂತೆ ಕೆಳಗಿನ ಮ್ಯಾಂಟಲ್ (ಭೂತೊಗಟೆಯ ಅಡಿಯ ಪದರ) ಮೇಲೇರುತ್ತದೆ. ಒತ್ತಡ ತಗ್ಗಿ, ಹೊರಗಿನ ಶಾಖ ಸೇರದೆಯೇ ಮ್ಯಾಂಟಲಿನ ಕಲ್ಲಾದ ಪೆರಿಡೊಟೈಟ್ ಭಾಗಶಃ ಕರಗುತ್ತದೆ. ಮೇಲೆ ಹರಿದದ್ದು ಬಸಾಲ್ಟ್, ಬಿರುಕಿನಲ್ಲಿ ನಿಂತದ್ದು ಡಾಲೆರೈಟ್, ಆಳದಲ್ಲಿ ತಣಿದದ್ದು ಗ್ಯಾಬ್ರೊ. ಸುಮಾರು 6-7 ಕಿ.ಮೀ. ದಪ್ಪದ ಸಾಗರದ ತೊಗಟೆಯಲ್ಲಿ ದೊಡ್ಡ ಪಾಲು ಗ್ಯಾಬ್ರೊದ್ದೇ.

ಎರಡನೆಯ ಕಲ್ಲಿನಲ್ಲಿ ಹಾರ್ನ್‌ಬ್ಲೆಂಡ್ ತನ್ನದೇ ಆಕಾರದಲ್ಲಿ ಬೇಗ ಮೂಡಿದೆ. ಅದರ ರಚನೆಯಲ್ಲೇ ಹೈಡ್ರಾಕ್ಸಿಲ್ ಇದೆ. ಶಿಲಾಪಾಕದಲ್ಲಿ ತೂಕದ ಲೆಕ್ಕದಲ್ಲಿ ನೂರಕ್ಕೆ 3-4ರಷ್ಟಾದರೂ ನೀರಿಲ್ಲದೆ ಅದು ಹೀಗೆ ಧಾರಾಳವಾಗಿ ಬೆಳೆಯುವುದಿಲ್ಲ. ಇಷ್ಟು ನೀರು ಶಿಲಾಪಾಕಕ್ಕೆ ಸೇರುವ ದೊಡ್ಡ ದಾರಿ ಒಂದೇ: ಸಾಗರಫಲಕ ಇನ್ನೊಂದು ಫಲಕದಡಿ ಇಳಿಯುವ ವಲಯ. ಇಳಿಯುವ ಫಲಕ ಬಿಸಿಯಾಗಿ ನೀರು ಬಿಡುತ್ತದೆ, ಅದು ಮೇಲಿನ ಮ್ಯಾಂಟಲ್ ಸೇರಿ ಕರಗುವ ಉಷ್ಣತೆಯನ್ನು ನೂರಾರು ಡಿಗ್ರಿ ಇಳಿಸುತ್ತದೆ. ಹಾಗೆ ಹುಟ್ಟಿದ ಬಸಾಲ್ಟ್ ಶಿಲಾಪಾಕ ಮೇಲೇರುವ ದಾರಿಯಲ್ಲಿ ಆಲಿವೀನ್, ಪೈರಾಕ್ಸೀನ್‌ಗಳನ್ನು ಹಿಂದೆ ಬಿಟ್ಟು, ಭೂತೊಗಟೆಯ ಕಲ್ಲನ್ನು ಕರಗಿಸಿಕೊಂಡು, ಬೇರೆ ಶಿಲಾಪಾಕದೊಡನೆ ಬೆರೆತು ಮಧ್ಯಮ ಸಂಯೋಜನೆಗೆ ಬರುತ್ತದೆ. ಮೇಲೆ ಉಕ್ಕಿದರೆ ಆಂಡೆಸೈಟ್, ಒಳಗೇ ತಣಿದರೆ ಡಯೊರೈಟ್. ಪ್ಲೇಜಿಯೋಕ್ಲೇಸಿನ ಉಂಗುರ ವಲಯಗಳು ಈ ಅಲೆದಾಟಕ್ಕೆ ಹೊಂದುತ್ತವೆ. ದಕ್ಷಿಣ ಅಮೆರಿಕದ ಆಂಡಿಸ್ ಮತ್ತು ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾದ ಬೃಹತ್ ಶಿಲಾರಾಶಿಗಳಲ್ಲಿ ಡಯೊರೈಟ್, ಅದಕ್ಕಿಂತ ಕ್ವಾರ್ಟ್ಜ್ ಹೆಚ್ಚಿರುವ ಟೊನಲೈಟ್, ಗ್ರಾನೊಡಯೊರೈಟ್‌ಗಳು ಒಟ್ಟಿಗೇ ಸಿಗುವುದೂ ಇದಕ್ಕಾಗಿಯೇ.

ಹಾಗೆಂದು ಗ್ಯಾಬ್ರೊ ಎಂದೊಡನೆ ಸಾಗರದ ಏಣು ಎಂದು ಬರೆದುಬಿಡುವುದು ತಪ್ಪು. ಫಲಕ ಇಳಿಯುವ ವಲಯಗಳಲ್ಲೂ ಗ್ಯಾಬ್ರೊ ಹೇರಳವಾಗಿದೆ. ಅಲ್ಲಿನ ನೀರು ಪ್ಲೇಜಿಯೋಕ್ಲೇಸಿನ ಅನಾರ್ಥೈಟ್ ಪಾಲನ್ನು ಇನ್ನೂ ಮೇಲಕ್ಕೆ, 80-90ರವರೆಗೂ ಏರಿಸುತ್ತದೆ. ಅಂದರೆ 50ರ ಗೆರೆ ಹೆಸರನ್ನು ಕೊಡುತ್ತದೆ, ಜನ್ಮಸ್ಥಳವನ್ನಲ್ಲ. ಒಂದು ಮುಷ್ಟಿಗಾತ್ರದ ತುಂಡಿನಿಂದ ಮೊದಲ ಕಲ್ಲಿನ ಬಗ್ಗೆ ದೃಢವಾಗಿ ಹೇಳಬಹುದಾದದ್ದು ಇಷ್ಟು: ನೀರು ಕಡಿಮೆ ಇದ್ದ, ಮ್ಯಾಂಟಲಿನಿಂದ ಬಂದ ಬಸಾಲ್ಟ್ ಶಿಲಾಪಾಕ ಆಳದಲ್ಲಿ ನಿಧಾನವಾಗಿ ತಣಿದದ್ದು, ಗಟ್ಟಿಯಾದ ಮೇಲೆ ಬಿಸಿನೀರಿಗೆ ಸಿಕ್ಕಿದ್ದು. ಏಣೋ, ಖಂಡದ ಬಿರುಕೋ, ಪದರರಾಶಿಯೋ ಎಂಬುದಕ್ಕೆ ಕಲ್ಲು ಸಿಕ್ಕ ಜಾಗದ ಸಾಕ್ಷಿ ಬೇಕು: ಮೇಲೆ ಡಾಲೆರೈಟ್ ಗೋಡೆಗಳ ಸಾಲು ಮತ್ತು ದಿಂಬಿನಾಕಾರದ ಬಸಾಲ್ಟ್ ಇದೆಯೇ, ಕೆಳಗೆ ಪೆರಿಡೊಟೈಟ್ ಇದೆಯೇ, ಸುತ್ತಲಿನ ಕಲ್ಲಿನೊಡನೆ ಗಡಿ ಹೇಗಿದೆ.

ಎರಡನೆಯದಕ್ಕೆ ವಿರಳಧಾತುಗಳ (ಅತ್ಯಲ್ಪ ಪ್ರಮಾಣದಲ್ಲಿರುವ ಧಾತುಗಳ) ವಿಶ್ಲೇಷಣೆ ಒಳ್ಳೆಯ ಮುಂದಿನ ಹೆಜ್ಜೆ. ಫಲಕ ಇಳಿಯುವ ವಲಯದ ಶಿಲಾಪಾಕದಲ್ಲಿ ಥೋರಿಯಂ, ಲ್ಯಾಂಥನಂಗಳಿಗೆ ಹೋಲಿಸಿದರೆ ನಿಯೋಬಿಯಂ, ಟ್ಯಾಂಟಲಂ ಎದ್ದುಕಾಣುವಷ್ಟು ಕಡಿಮೆ ಇರುತ್ತವೆ. ಅದಕ್ಕಾಗಿ ಅದೇ ಬಂಡೆಯಿಂದ ತೆಗೆದು ಕಳುಹಿಸುವ ತುಂಡು ಕೆಲವು ಕಿಲೋಗಳಾದರೂ ಇರಬೇಕು, ಹೊರಮೈಯ ಕೊಳೆತ ಭಾಗವನ್ನು ಕೊಯ್ದು ತೆಗೆದಿರಬೇಕು. ಪುಡಿ ಮಾಡಲು ಟಂಗ್‌ಸ್ಟನ್ ಕಾರ್ಬೈಡ್ ಪಾತ್ರೆ ಬೇಡ. ಅದರಿಂದ ಉದುರುವ ಟ್ಯಾಂಟಲಂ, ನಿಯೋಬಿಯಂ ನಾವು ಹುಡುಕುತ್ತಿರುವ ಕೊರತೆಯನ್ನೇ ಮುಚ್ಚಿಹಾಕುತ್ತವೆ. ಅಗೇಟ್ ಪಾತ್ರೆಯಲ್ಲಿ ಅರೆಸಬೇಕು.